ಬರೆದವರೂ ನೀವೇ, ಹುಡುಕುವವರೂ ನೀವೇ: ಊರು ಬಿಟ್ಟು ತಂತ್ರಾಂಶ ಬರೆಯುವ ಮಕ್ಕಳಿಗೊಂದು ಬಹಿರಂಗ ಪತ್ರ

ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳಿಂದ ಹೊರಟು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ತಂತ್ರಾಂಶ ರಚನೆಯ ವೃತ್ತಿಯನ್ನು ಹಿಡಿದಿರುವ ನನ್ನ ಮಕ್ಕಳಿರಾ,

ನಿಮ್ಮೂರ ಹಳೆಯ ಗಣಿತದ ಮಾಸ್ತರನ ಆಶೀರ್ವಾದಗಳು. ಕಳೆದ ಬೇಸಗೆಯ ಒಂದು ಮಧ್ಯಾಹ್ನ, ತೊಗರಿಯ ಹೊಲಗಳೆಲ್ಲ ಬರಿದಾಗಿ ಕರಿನೆಲವು ಬಿರಿದುಕೊಂಡಿದ್ದ ಕಾಲದಲ್ಲಿ, ಪಹಣಿಯ ಪ್ರತಿಯೊಂದಕ್ಕಾಗಿ ನಾನು ಒಂದು ಕಿಟಕಿಯೆದುರು ಸರತಿಯಲ್ಲಿ ನಿಂತಿದ್ದೆನು. ನನ್ನ ಮುಂದಿದ್ದ, ಎಪ್ಪತ್ತು ದಾಟಿದ ಮುದುಕಿಯೊಬ್ಬಳ ಹೆಸರನ್ನು ಒಳಗೆ ಕುಳಿತಿದ್ದ ಹುಡುಗನು ಗಣಕಯಂತ್ರದಲ್ಲಿ ಮೂರು ಸಲ ಹೊಡೆದು, ಮೂರು ಸಲವೂ ತಲೆಯಾಡಿಸಿ, “ಆಯೀ, ನಿನ್ನ ಹೆಸರು ಲಿಸ್ಟಿನ್ಯಾಗ ಇಲ್ಲ” ಎಂದನು. ಅವನಲ್ಲಿ ದುರ್ಭಾವವಿರಲಿಲ್ಲ, ಯಂತ್ರವು ತನಗೆ ಹೇಳಿದ್ದನ್ನೇ ಅವನು ಆಕೆಗೆ ಹೇಳಿದನು. ಆಕೆ ಸೆರಗಿನಿಂದ ಮುಖವನ್ನೊರೆಸಿಕೊಂಡು, ಸಿಟ್ಟಿಲ್ಲದ ಧ್ವನಿಯಲ್ಲಿ, “ಬರದವರೂ ನೀವೇ, ಹುಡುಕವರೂ ನೀವೇ, ನಾ ಬರೇ ಹೆಸರು ಹೇಳಾಕಿ, ಯಪ್ಪಾ” ಎಂದಳು.

ನಾನು ಕಿಟಕಿಯೊಳಗೆ ಬಗ್ಗಿ ಪರದೆಯನ್ನು ನೋಡಲಾಗಿ, ಹುಡುಗನು ಇಂಗ್ಲಿಷಿನಲ್ಲಿ ಮೊದಲನೆಯ ಅಕ್ಷರವನ್ನು ಮಾತ್ರ ದೊಡ್ಡದಾಗಿಯೂ ಉಳಿದವನ್ನು ಚಿಕ್ಕವಾಗಿಯೂ ಹೊಡೆದಿದ್ದನು. ಎಲ್ಲವನ್ನೂ ದೊಡ್ಡಕ್ಷರಗಳಲ್ಲಿಯೇ ಹೊಡೆದು ನೋಡಪ್ಪಾ ಎಂದು ನಾನು ಹೇಳಿದಾಗ, ಆಕೆಯ ಹೆಸರು, ಗಂಡನ ಹೆಸರು, ಊರು, ಸರ್ವೆ ನಂಬರು ಎಲ್ಲವೂ ಪರದೆಯ ಮೇಲೆ ಬಂದವು. ಅಷ್ಟರಲ್ಲಿ ಆಕೆಯ ಊರಿನ ಬಸ್ಸು ಹೊರಟುಹೋಗಿತ್ತು.

ಈ ಪತ್ರದ ವಿಷಯ ಇಷ್ಟೇ. ಪಟ್ಟಿಯೊಂದರಲ್ಲಿ ಹೆಸರನ್ನು ಹುಡುಕುವಾಗ ಅಕ್ಷರದ ಗಾತ್ರಭೇದವನ್ನು ಗಣನೆಗೆ ತಂದುಕೊಳ್ಳದಿರುವುದು ಹೇಗೆ ಎಂಬುದು ನಿಮ್ಮ ವಿದ್ಯೆಯಲ್ಲಿ ಮೊದಲನೆಯ ವಾರದ ಪಾಠವೆಂದು ನಾನು ಬಲ್ಲೆನು. ನಿವೃತ್ತಿಯ ಅನಂತರ ನಾನೂ ಪೈಥಾನ್ ಭಾಷೆಯನ್ನು ಆಸಕ್ತಿಯಿಂದ ಕಲಿತಿದ್ದೇನೆ. ಆದರೂ ಮೊದಲನೆಯ ವಾರದ ಆ ಪಾಠವು ನಮ್ಮ ಭೀಮಾತೀರದ ಹೆಸರುಗಳ ಮುಂದೆ ಬಂದು ನಿಂತಾಗ ಎಷ್ಟು ಆಳಕ್ಕಿಳಿಯುತ್ತದೆಂಬುದನ್ನು ನಿಮಗೆ ಬರೆದು ತಿಳಿಸಬೇಕೆನಿಸಿತು.

ರೋಮನ್ ಲಿಪಿಯ ಒಂದೊಂದು ಅಕ್ಷರಕ್ಕೂ ಎರಡೆರಡು ರೂಪಗಳಿರುವುದು ಆ ಲಿಪಿಯ ಇತಿಹಾಸದಿಂದ ಬಂದ ಸಂಗತಿ. ಅವುಗಳಿಗೆ ಇಂಗ್ಲಿಷಿನಲ್ಲಿರುವ ಮೇಲಿನದು, ಕೆಳಗಿನದು ಎಂಬ ಹೆಸರುಗಳಾದರೋ, ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸುವವನ ಮುಂದೆ ಇರುತ್ತಿದ್ದ ಮೇಲಿನ ಪೆಟ್ಟಿಗೆ, ಕೆಳಗಿನ ಪೆಟ್ಟಿಗೆಗಳಿಂದ ಹುಟ್ಟಿದವು. ಗಣಕಯಂತ್ರಗಳಿಗಾಗಿ ಅಮೆರಿಕದವರು 1963ರಲ್ಲಿ ಹೊರತಂದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಮೊದಲು ದೊಡ್ಡಕ್ಷರಗಳು ಮಾತ್ರ ಇದ್ದು, ಚಿಕ್ಕಕ್ಷರಗಳು 1967ರ ಪರಿಷ್ಕರಣದಲ್ಲಿ ಬಂದವು. ಹಾಗೆ ಬಂದಾಗ ದೊಡ್ಡ ‘ಎ’ಗೆ 65, ಚಿಕ್ಕ ‘ಎ’ಗೆ 97 ಎಂಬಂತೆ ಎಲ್ಲ ಇಪ್ಪತ್ತಾರು ಜೋಡಿಗಳಲ್ಲಿಯೂ ಸರಿಯಾಗಿ 32ರ ಅಂತರವನ್ನಿಟ್ಟರು. ಓದುವ ಮನುಷ್ಯನ ಕಣ್ಣಿಗೆ ಒಂದೇ ಆಗಿರುವ ಅಕ್ಷರವು ಯಂತ್ರಕ್ಕೆ ಎರಡು ಬೇರೆ ಸಂಖ್ಯೆಗಳಾಗಿ ಕಾಣುವುದು ಈ ಕಾರಣದಿಂದ.

ಹಿಂದೆ ಶಾನುಭೋಗರೂ ಪಟವಾರಿಗಳೂ ದಪ್ಪ ಪುಸ್ತಕಗಳನ್ನು ಬೆರಳಿನಿಂದ ತಿರುವಿ ಹೆಸರನ್ನು ಹುಡುಕುತ್ತಿದ್ದಾಗ, ಅವರ ಕಣ್ಣು ಇಂತಹ ಭೇದಗಳನ್ನು ಕ್ಷಮಿಸುತ್ತಲೇ ಮುಂದೆ ಸಾಗುತ್ತಿತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಗಣಕಯಂತ್ರವನ್ನು ಸೇರಿದವು. ಅದು ಮಹತ್ಕಾರ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪಹಣಿಗಾಗಿ ಅಲೆದು ಚಪ್ಪಲಿ ಸವೆಸಿದ ತಲೆಮಾರಿಗೆ ಸೇರಿದವನು ನಾನು. ಆದರೆ ಪಹಣಿಯಿಂದ ಮೊದಲಾಗಿ ಪಿಂಚಣಿ, ಪಡಿತರ, ಪ್ರವೇಶಗಳವರೆಗೆ ಪಟ್ಟಿಗಳೆಲ್ಲವೂ ಯಂತ್ರಕ್ಕೆ ಹೋದಾಗ, ಕ್ಷಮಿಸುವ ಕಣ್ಣಿನ ಕೆಲಸವನ್ನು ಯಾರಾದರೂ ಬರೆದು ಯಂತ್ರಕ್ಕೆ ಕಲಿಸಲೇಬೇಕಾಯಿತು. ಆ ಯಾರಾದರೂ ಎಂಬವರು ನೀವು.

ಅದರಲ್ಲಿಯೂ ಒಂದು ಮೋಸವುಂಟು. ಎಕ್ಸೆಲ್ ಹಾಳೆಯಲ್ಲಿ ವಿಲುಕಪ್ ಹಾಕಿ ಅಭ್ಯಾಸವಾದವರಿಗೆ ದೊಡ್ಡದು ಚಿಕ್ಕದೆಂಬ ಭೇದವೇ ತಿಳಿಯದು, ಏಕೆಂದರೆ ಅದು ತಾನಾಗಿಯೇ ಆ ಭೇದವನ್ನು ಮರೆಯುತ್ತದೆ. ಆ ಹಾಳೆಯಲ್ಲಿಯೇ ಸರ್ಚ್ ಎಂಬುದು ಭೇದವನ್ನೆಣಿಸದು, ಫೈಂಡ್ ಎಂಬುದು ಎಣಿಸುತ್ತದೆ. ದತ್ತಸಂಚಯಗಳ ಪೈಕಿ ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಭೇದವನ್ನು ಬಿಡುತ್ತದೆ, ಪೋಸ್ಟ್‌ಗ್ರೆಸ್ ಬಿಡುವುದಿಲ್ಲ, ಎಸ್‌ಕ್ಯೂಲೈಟ್ ತನ್ನ ‘ಲೈಕ್’ ಪದದಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಮಾತ್ರ ಈ ಔದಾರ್ಯವನ್ನು ತೋರುತ್ತದೆ. ಪೈಥಾನಿನ ಲಿಸ್ಟಿನಲ್ಲಿ ಒಂದು ಹೆಸರು ಇದೆಯೇ ಎಂದು ಕೇಳಿದರೆ, ಒಂದೊಂದು ಸಂಖ್ಯೆಯೂ ಹೊಂದಿದ ಹೊರತು ಅದು ಹೌದೆನ್ನದು. ಹೀಗೆ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ಉತ್ತರಗಳು ಬರುವಾಗ, ಎಕ್ಸೆಲಿನಲ್ಲಿ ಪರೀಕ್ಷಿಸಿ ತೃಪ್ತನಾದವನು ಕಿಟಕಿಯ ಯಂತ್ರದಲ್ಲಿ ಸೋಲುವುದು ಆಶ್ಚರ್ಯವಲ್ಲ.

ಪರಿಹಾರವು ಆ ಮುದುಕಿಯ ಮಾತಿನಲ್ಲಿಯೇ ಇದೆ. ಬರೆದವರ ಕಡೆಯನ್ನೂ ಹುಡುಕುವವರ ಕಡೆಯನ್ನೂ, ಎರಡನ್ನೂ, ಒಂದೇ ರೀತಿಯಲ್ಲಿ ಮಡಿಸಿ, ಎಂದರೆ ಭೇದವಳಿದ ಒಂದೇ ರೂಪಕ್ಕೆ ತಂದು, ಅನಂತರ ಹೋಲಿಸತಕ್ಕದ್ದು. ಹೊಸಬರು ಮಾಡುವ ತಪ್ಪೆಂದರೆ ಹುಡುಕುವ ಪದವನ್ನು ಮಾತ್ರ ಚಿಕ್ಕಕ್ಷರಕ್ಕೆ ಇಳಿಸಿ, ಪಟ್ಟಿಯನ್ನು ಇದ್ದಂತೆಯೇ ಬಿಡುವುದು. ಆಗ ಮೊದಲು ಸಿಗುತ್ತಿದ್ದ ಹೆಸರೂ ಸಿಗದೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ಪಟ್ಟಿಯನ್ನೇ ಶಾಶ್ವತವಾಗಿ ಚಿಕ್ಕಕ್ಷರಗಳಿಗೆ ಇಳಿಸಿ ಮೂಲವನ್ನು ಅಳಿಸಿಬಿಡುವುದು. ಮಡಿಸಿದ ರೂಪವು ಹುಡುಕುವುದಕ್ಕೆ ಮಾತ್ರ. ದಾಖಲೆಯಲ್ಲಿ ಬರೆದಂತೆ ಬರೆದದ್ದು ಹಾಗೆಯೇ ಉಳಿಯಬೇಕು. ಪಟ್ಟಿಯು ಲಕ್ಷ ಹೆಸರುಗಳದ್ದಾದರೆ, ಪ್ರತಿಯೊಂದು ಸಲವೂ ಲಕ್ಷವನ್ನು ಮಡಿಸುತ್ತ ಕೂರದೆ, ಒಮ್ಮೆ ಮಡಿಸಿ, ಮಡಿಸಿದ ರೂಪದಿಂದ ಮೂಲಕ್ಕೆ ದಾರಿ ತೋರಿಸುವ ಕೋಶವೊಂದನ್ನು ಕಟ್ಟಿಟ್ಟುಕೊಂಡರೆ ಸರತಿಯಲ್ಲಿ ನಿಂತವರ ಹೊತ್ತೂ ಉಳಿದೀತು.

ಮಡಿಸುವುದಕ್ಕೆ ಚಿಕ್ಕಕ್ಷರಕ್ಕಿಳಿಸುವ ‘ಲೋಅರ್’ ಸಾಕೆಂದು ಬಹಳ ಕಾಲ ನಂಬಿದ್ದರು. ಆದರೆ ಜರ್ಮನರ ಭಾಷೆಯಲ್ಲಿ ಎರಡು ‘ಎಸ್’ಗಳಿಗೆ ಬದಲಾಗಿ ಬರುವ ಒಂದು ವಿಶೇಷ ಅಕ್ಷರವಿದ್ದು, ಅದನ್ನು ದೊಡ್ಡದಾಗಿ ಬರೆಯುವಾಗ ಎರಡು ‘ಎಸ್’ಗಳನ್ನೇ ಬರೆಯುವ ರೂಢಿಯಿರುವುದರಿಂದ, ಬರಿಯ ಲೋಅರಿನಿಂದ ಅವು ಎಂದೂ ಕೂಡುವುದಿಲ್ಲ. ಇಂತಹವಕ್ಕಾಗಿ ಪೈಥಾನಿನ 3.3ನೆಯ ಆವೃತ್ತಿಯಲ್ಲಿ, 2012ರಲ್ಲಿ, ‘ಕೇಸ್‌ಫೋಲ್ಡ್’ ಎಂಬ ಸಾಧನವನ್ನು ಕೊಟ್ಟರು. ತುರ್ಕಿಯವರು 1928ರಲ್ಲಿ ರೋಮನ್ ಲಿಪಿಯನ್ನು ತೆಗೆದುಕೊಂಡಾಗ ಚುಕ್ಕೆಯುಳ್ಳ ‘ಐ’, ಚುಕ್ಕೆಯಿಲ್ಲದ ‘ಐ’ ಎಂದು ಎರಡು ಸ್ವರಗಳನ್ನು ಮಾಡಿಕೊಂಡುದರಿಂದ, ಅಲ್ಲಿ ಯಾವ ದೊಡ್ಡಕ್ಷರವು ಯಾವ ಚಿಕ್ಕಕ್ಷರಕ್ಕೆ ಜೋಡಿ ಎಂಬ ಪ್ರಶ್ನೆಗೆ ಇಂಗ್ಲಿಷಿನ ಉತ್ತರವು ಸಲ್ಲದು. ಭಾಷೆಯನ್ನು ಕೇಳದೆ ಅಕ್ಷರವನ್ನು ಮಡಿಸಬಾರದು ಎಂಬ ಎಚ್ಚರ ಅಲ್ಲಿಂದ ಬಂದದ್ದು.

ಈಗ ನಮ್ಮ ಲಿಪಿಗೆ ಬರುತ್ತೇನೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳಿಲ್ಲ; ಆದುದರಿಂದ ಈ ತೊಂದರೆಯೂ ಇಲ್ಲವೆಂದು ನಿಮ್ಮಲ್ಲೊಬ್ಬನು ಕಳೆದ ವರ್ಷ ನನ್ನೊಡನೆ ವಾದಿಸಿದನು. ಅವನಿಗೆ ನಾನು ಕೊಟ್ಟ ಉತ್ತರವು ನಮ್ಮ ಹೊಳೆಯ ಹೆಸರು. ‘ಭೀಮಾ’ ಎಂಬ ಪದವನ್ನು ಯೂನಿಕೋಡ್ ಎಂಬ ಸಂಕೇತಪಟ್ಟಿಯಲ್ಲಿ ಎರಡು ಬಗೆಯಲ್ಲಿ ಕೂಡಿಡಬಹುದು. ಭಕಾರಕ್ಕೆ ದೀರ್ಘ ಈಕಾರದ ಒಂದೇ ಚಿಹ್ನೆಯನ್ನು ಹಚ್ಚಿದರೆ ಒಟ್ಟು ನಾಲ್ಕು ಸಂಖ್ಯೆಗಳಾಗುತ್ತವೆ. ಗುಡಿಸನ್ನೂ ದೀರ್ಘವನ್ನೂ ಬೇರೆ ಬೇರೆಯಾಗಿ ಹಚ್ಚಿದರೆ ಐದಾಗುತ್ತವೆ. ಪರದೆಯ ಮೇಲೆ ಎರಡೂ ಒಂದೇ ಭೀಮಾ, ಕೂದಲೆಳೆಯಷ್ಟೂ ಅಂತರವಿಲ್ಲ. ಯಂತ್ರಕ್ಕೆ ಮಾತ್ರ ಎರಡು ಬೇರೆ ಹೊಳೆಗಳು. ಈ, ಏ, ಐ, ಒ, ಓ ಈ ಐದು ಸ್ವರಚಿಹ್ನೆಗಳಿಗೂ ಇದೇ ಅವಸ್ಥೆ. ಯೂನಿಕೋಡಿನವರೇ ಇವುಗಳನ್ನು ಒಂದು ರೂಪಕ್ಕೆ ತರುವ ವಿಧಾನವನ್ನು ನಿಯಮಿಸಿದ್ದಾರೆ; ಎನ್‌ಎಫ್‌ಸಿ ಎಂದು ಅದನ್ನು ನೀವು ಕರೆಯುತ್ತೀರಿ. ಅದನ್ನು ಬಳಸಲು ಒಂದು ಸಾಲು ಸಾಕು, ಆದರೆ ಆ ಸಾಲನ್ನು ಬರೆಯದೆ ಬಿಟ್ಟ ಕಾರ್ಯಕ್ರಮಗಳನ್ನು ನಾನೇ ನೋಡಿದ್ದೇನೆ.

ಇದಲ್ಲದೆ ಕಣ್ಣಿಗೆ ಕಾಣದ ಅಕ್ಷರಗಳುಂಟು. ‘ಅಫ್ಜಲ್‌ಪುರ’ ಎಂದು ಲಕಾರವನ್ನು ಪೊಲ್ಲಿನೊಡನೆ ನಿಲ್ಲಿಸಿ ಬರೆಯಬೇಕಾದರೆ, ಪಕಾರವು ಅದರ ಕೆಳಗೆ ಒತ್ತಾಗಿ ಇಳಿಯದಂತೆ ನಡುವೆ ಶೂನ್ಯ ಅಗಲದ ಒಂದು ತಡೆಯನ್ನಿಡುತ್ತಾರೆ. ಹುಡುಕುವವನು ಅದನ್ನಿಡದಿದ್ದರೆ ಹೆಸರು ಸಿಗದು, ಕೇಸ್‌ಫೋಲ್ಡ್ ಅದನ್ನು ತೆಗೆಯುವುದೂ ಇಲ್ಲ. ಸರ್ವೆ ನಂಬರನ್ನು ಒಬ್ಬನು ೧೨ ಎಂದೂ ಇನ್ನೊಬ್ಬನು 12 ಎಂದೂ ಬರೆದರೆ, ಅದೂ ಅಷ್ಟೆ.

ಇವೆಲ್ಲಕ್ಕಿಂತ ಘೋರವಾದದ್ದು ಹಳೆಯ ಕಡತಗಳ ಸಂಗತಿ. ಯೂನಿಕೋಡು ಬಳಕೆಗೆ ಬರುವ ಮುಂಚೆ ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಹೊಡೆದಿಟ್ಟ ಪಟ್ಟಿಗಳಲ್ಲಿ ಕನ್ನಡವು ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಬಾಡಿಗೆಗೆ ಇದೆ: ದೊಡ್ಡ ‘ಡಿ’ಯ ಮನೆಯಲ್ಲಿ ನಮ್ಮ ಆಕಾರ, ಚಿಕ್ಕ ‘ಡಿ’ಯ ಮನೆಯಲ್ಲಿ ಜಕಾರ, ದೊಡ್ಡ ‘ಎ’ಯಲ್ಲಿ ಅನುಸ್ವಾರ, ಚಿಕ್ಕ ‘ಎ’ಯಲ್ಲಿ ‘ಚಿ’. ಗಾತ್ರಭೇದವನ್ನು ಮರೆಯುವ ಸದುದ್ದೇಶದಿಂದ ನೀವು ಅಂತಹ ಪಟ್ಟಿಯ ಇಂಗ್ಲಿಷ್ ದೊಡ್ಡಕ್ಷರಗಳನ್ನೆಲ್ಲ ಚಿಕ್ಕವಾಗಿಸಿದರೆ ‘ಆಳಂದ’ ಎಂಬುದು ‘ಜಳಚಿದ’ ಆಗಿ ಕುಳಿತಿರುತ್ತದೆ. ಇಂಗ್ಲಿಷಿಗೆ ಔದಾರ್ಯವಾದದ್ದು ಇಲ್ಲಿ ವಿಧ್ವಂಸ. ಆದುದರಿಂದ ಹಳೆಯ ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಮಾತ್ರ ಮಡಿಸಲು ಕೈಹಾಕಿರಿ.

ನಮ್ಮ ಊರಾದ ಅಫಜಲಪುರದ ಹೆಸರನ್ನೇ ತೆಗೆದುಕೊಳ್ಳಿರಿ. ಶ್ರೇಷ್ಠತರನೆಂಬ ಅರ್ಥದ ಅರಬ್ಬಿಯ ಪದದಿಂದ ಬಂದ ಹೆಸರಿದು. ನಿಜಾಮರ ಆಳ್ವಿಕೆಯಲ್ಲಿ, 1948ರ ಸೆಪ್ಟೆಂಬರಿನವರೆಗೆ, ನಮ್ಮ ಕಡತಗಳ ಭಾಷೆ ಉರ್ದುವಾಗಿದ್ದಿತಷ್ಟೆ. ಆ ಲಿಪಿಯಲ್ಲಿ ಈ ಹೆಸರಿನೊಳಗಿನ ‘ಜೆಡ್’ ಎಂಬ ಒಂದು ಧ್ವನಿಗೆ ಜಾಲ್, ಜೇ, ಜ್ವಾದ್, ಜೋಯ್ ಎಂದು ನಾಲ್ಕು ಅಕ್ಷರಗಳಿದ್ದು, ಅಫಜಲವನ್ನು ಜ್ವಾದಿನಿಂದ ಬರೆಯುತ್ತಾರೆ. ಕನ್ನಡಕ್ಕೆ ಬರುವಾಗ ನಾಲ್ಕೂ ಒಂದೇ ಜಕಾರದಲ್ಲಿ ಸೇರಿಹೋದವು. ಮೂಲ ಧ್ವನಿಯನ್ನು ಉಳಿಸಬೇಕೆನ್ನುವವರು ಫಕಾರಕ್ಕೂ ಜಕಾರಕ್ಕೂ ಕೆಳಗೆ ಎರಡು ಚುಕ್ಕೆಗಳ ನುಕ್ತವನ್ನಿಡುತ್ತಾರೆ, ಅದು 2003ರಲ್ಲಿ ಯೂನಿಕೋಡಿನ ಕನ್ನಡ ವಿಭಾಗವನ್ನು ಸೇರಿತು, ಇಡದವರೇ ಹೆಚ್ಚು. ಕೊನೆಯಲ್ಲಿ ಪುರವೋ ಪೂರವೋ ಎಂಬುದರಲ್ಲಿ ಒಂದೇ ಬೀದಿಯ ಎರಡು ಅಂಗಡಿಗಳ ಫಲಕಗಳೂ ಒಮ್ಮತಕ್ಕೆ ಬಂದಿಲ್ಲ. ಇಂಗ್ಲಿಷಿನಲ್ಲಿ ‘ಜೆಡ್’ ಹಾಕುವವರು ಕೆಲವರು, ‘ಜೆ’ ಹಾಕುವವರು ಕೆಲವರು. (ಪ್ರಸಂಗವಶಾತ್ ಹೇಳುವುದಾದರೆ, ಯೂನಿಕೋಡಿನಲ್ಲಿ ‘ಫಾ’ ಎಂಬ ಹೆಸರಿನ ಕನ್ನಡ ಅಕ್ಷರವೊಂದಿದೆ; ಅದು ಅಫಜಲದ ಫಕಾರವಲ್ಲ, ಹಳಗನ್ನಡದ ೞಕಾರ. ಹೆಸರಿಡುವಾಗ ಆದ ತಪ್ಪದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದಾಗಿ ಇಂದಿಗೂ ಹಾಗೆಯೇ ನಿಂತಿದೆ.)

ಎಷ್ಟರಮಟ್ಟಿಗೆ ಭೇದವನ್ನು ಮರೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಈ ವಿಚಾರವು ಹೊಸದೆಂದು ನೀವು ಭಾವಿಸಬಾರದು. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ಹೊಳೆಯ ದಂಡೆಯಲ್ಲಿ, ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನವು ಕವಿರಾಜಮಾರ್ಗವೆಂಬ ಲಕ್ಷಣಗ್ರಂಥಕ್ಕೆ ಆಶ್ರಯವನ್ನಿತ್ತಿತು. ಕನ್ನಡದ ಲಾಕ್ಷಣಿಕರು ಪದ್ಯದ ಸಾಲುಗಳ ಎರಡನೆಯ ಅಕ್ಷರವು ಹೊಂದಬೇಕೆಂಬ ಪ್ರಾಸದ ಕಟ್ಟಳೆಯನ್ನು ವಿಚಾರಿಸುವಾಗ, ಅದೇ ಅಕ್ಷರವೇ ಬಂದರೆ ಉತ್ತಮವೆಂದರೂ, ಒಂದೇ ವರ್ಗದ ವ್ಯಂಜನಗಳು ಪರಸ್ಪರ ಹೊಂದಿದರೆ ಅದನ್ನು ವರ್ಗಪ್ರಾಸವೆಂದೂ, ಸ, ಶ, ಷಗಳಂತಹ ನೆರೆಯ ಅಕ್ಷರಗಳು ಹೊಂದಿದರೆ ಸಮೀಪಪ್ರಾಸವೆಂದೂ ಕರೆದು ಅವಕಾಶವನ್ನಿತ್ತರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳೆಂದು ಮೂರು ಬಗೆಯ ಳಕಾರಗಳನ್ನು ವಿಂಗಡಿಸಿ, ಯಾವ ಪದದಲ್ಲಿ ಯಾವುದೆಂಬುದನ್ನು ಜತನದಿಂದ ನಿರ್ಣಯಿಸಿದನು. ಒಂದು ಕಡೆ ಭೇದವನ್ನು ಸಡಿಲಿಸುವ ವಿವೇಕ, ಇನ್ನೊಂದು ಕಡೆ ಭೇದವನ್ನು ಕಾಯುವ ವಿವೇಕ. ಪ್ರಾಸಕ್ಕಾಗಿ ಶಕಾರ ಸಕಾರಗಳನ್ನು ಸಮವೆಂದೆಣಿಸಿದ ಕವಿಯು ತನ್ನ ಓಲೆಯಲ್ಲಿ ಶಕಾರವನ್ನು ಸಕಾರವಾಗಿ ಕೊರೆಯಲಿಲ್ಲ. ಸಾಮ್ಯವು ಪ್ರಯೋಜನಕ್ಕೆ ತಕ್ಕಷ್ಟು ಮಾತ್ರ ಎಂಬ ಈ ತಿಳಿವಳಿಕೆಯನ್ನು ನಾನು ಯಾವ ಪೈಥಾನ್ ಪುಸ್ತಕದಲ್ಲಿಯೂ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಅತಿಯಾಗಿ ಮಡಿಸಿದರೆ ಆಗುವ ಅನಾಹುತಕ್ಕೂ ನಿದರ್ಶನವುಂಟು. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬಾತನು 1918ರಲ್ಲಿ ಸನ್ನದು ಪಡೆದ, ಸೌಂಡೆಕ್ಸ್ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧವಾದ ವಿಧಾನವು, ಹೆಸರಿನ ಮೊದಲಕ್ಷರವನ್ನಿಟ್ಟುಕೊಂಡು, ಸ್ವರಗಳನ್ನೂ ‘ಎಚ್’, ‘ಡಬ್ಲ್ಯು’, ‘ವೈ’ಗಳನ್ನೂ ಬಿಟ್ಟು, ಉಳಿದ ವ್ಯಂಜನಗಳನ್ನು ಆರು ಗುಂಪುಗಳ ಅಂಕಿಗಳಾಗಿಸುತ್ತದೆ. ಅಲ್ಲಿಯ ಜನಗಣತಿಯ ಹೆಸರುಗಳನ್ನು ಹುಡುಕಲು ಅದನ್ನು ಬಳಸಿದರು. ನಮ್ಮ ಅಫಜಲಪುರವನ್ನು ‘ಜೆಡ್’ನಿಂದ ಬರೆದರೂ ‘ಜೆ’ಯಿಂದ ಬರೆದರೂ ಅದು ಎ-124 ಎಂದೇ ಹೇಳುವುದನ್ನು ನೋಡಿ ನನಗೆ ಸಂತೋಷವಾಯಿತು. ಆದರೆ ಕೈಯಲ್ಲಿ ಲೆಕ್ಕ ಮಾಡಿ ನೋಡಲಾಗಿ ಶರಣಪ್ಪನೂ ಶ್ರೀನಿವಾಸನೂ ಇಬ್ಬರೂ ಎಸ್-651 ಆದರು. ಜೇವರ್ಗಿಯನ್ನು ‘ವಿ’ಯಿಂದ ಬರೆದರೆ ಜೆ-162, ‘ಡಬ್ಲ್ಯು’ವಿನಿಂದ ಬರೆದರೆ ಜೆ-620. ಕೂಡಬಾರದವರನ್ನು ಕೂಡಿಸಿ, ಅಗಲಬಾರದ್ದನ್ನು ಅಗಲಿಸುವ ಈ ಯಂತ್ರವು ಇಂಗ್ಲಿಷ್ ಕಿವಿಗಾಗಿ ಕಟ್ಟಿದ್ದು. ನಮ್ಮ ಕಿವಿಗಾಗಿ ನೀವು ಕಟ್ಟಬೇಕು.

ಪೂರ್ತಿ ಹೆಸರನ್ನು ಬಿಟ್ಟು ಹೆಸರಿನ ಭಾಗವನ್ನು ಹುಡುಕುವಾಗಲೂ ಇಂತಹದೇ ಎಡವಟ್ಟು. ‘ಬಸವ’ ಎಂದು ಹುಡುಕಿದರೆ ‘ಬಸವ್ವ’ ಸಿಗುತ್ತಾಳೆ. ಏಕೆಂದರೆ ಯಂತ್ರವು ಅಕ್ಷರವನ್ನು ನೋಡದೆ ಸಂಖ್ಯೆಗಳನ್ನು ನೋಡುತ್ತದೆ, ವಕಾರದ ಮುಂದೆ ಪೊಲ್ಲು ಬಂದು ಆ ಅಕ್ಷರವೇ ಬೇರೆಯಾಯಿತೆಂಬುದು ಅದಕ್ಕೆ ತಿಳಿಯದು. ನಮ್ಮಲ್ಲಿ ಮಾತ್ರೆಯೊಂದು ಬದಲಾದರೆ ಮನುಷ್ಯನೇ ಬದಲಾಗುತ್ತಾನೆ. ಆದುದರಿಂದ ಹುಡುಕುವುದನ್ನೂ ನಿರ್ಣಯಿಸುವುದನ್ನೂ ನೀವು ಬೇರೆಯಾಗಿಡಬೇಕೆಂದು ಬೇಡುತ್ತೇನೆ. ಹುಡುಕುವಾಗ ಉದಾರವಾಗಿ ಹುಡುಕಿ, ಹತ್ತಿರದ ಹೆಸರುಗಳನ್ನೆಲ್ಲ ತಂದೆಯ ಅಥವಾ ಗಂಡನ ಹೆಸರಿನೊಡನೆ, ಊರಿನೊಡನೆ, ಬರೆದಂತೆಯೇ ಪರದೆಯ ಮೇಲೆ ತೋರಿಸಿರಿ. ಇವರಲ್ಲಿ ಯಾರು ಎಂಬುದನ್ನು ಕಿಟಕಿಯ ಹುಡುಗನೂ ಹೊರಗೆ ನಿಂತವರೂ ಕೂಡಿ ನಿರ್ಣಯಿಸಲಿ. ಹಣವನ್ನು ಯಾರ ಖಾತೆಗೆ ಹಾಕಬೇಕೆಂಬ ಕಡೆಯಲ್ಲಿ ಮಾತ್ರ ಯಂತ್ರವು ತಾನಾಗಿಯೇ ಮಡಿಸಿ ಇಬ್ಬರನ್ನು ಒಬ್ಬರಾಗಿಸಬಾರದು.

ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾಪತ್ರವನ್ನು ಹಿಡಿದು ಕಾಲೇಜಿನ ಬಾಗಿಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಮೂರು ಕಾಗದಗಳಿದ್ದರೆ ಮೂರರಲ್ಲಿ ಮೂರು ಬರೆಹಗಳಿರುವುದನ್ನು ನಾನು ನೌಕರಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಗುಲ್ಬರ್ಗದಿಂದ ಕಲಬುರಗಿಯಾಯಿತು. ಇದನ್ನು ಯಾವ ಮಡಿಕೆಯೂ ಸರಿಪಡಿಸದು, ಹಳೆಯ ಹೆಸರು ಹೊಸ ಹೆಸರುಗಳ ಜೋಡಿಪಟ್ಟಿಯೊಂದನ್ನು ನೀವು ಕೈಯಾರೆ ಬರೆದೇ ಸೇರಿಸಬೇಕು. ಪಾಸಾಗಿ ಹೊರಬಿದ್ದ ನೀವೂ ಅಂತಹ ಕಾಗದಗಳನ್ನು ಹಿಡಿದು ನಿಂತವರೇ. ಆಗ ನಿಮ್ಮ ಪರವಾಗಿ ಅಫಿಡವಿಟ್ ಬರೆಸಲು ನಿಮ್ಮ ತಂದೆಯವರು ಕೂಲಿ ಬಿಟ್ಟು ಬಂದದ್ದು ನಿಮಗೆ ನೆನಪಿರಬೇಕು.

ಒಂದು ನೂರು ಪುಟದ ನೋಟುಪುಸ್ತಕದಲ್ಲಿ ನಮ್ಮ ಮೂರೂ ತಾಲ್ಲೂಕುಗಳ ಊರುಗಳ ಹೆಸರುಗಳನ್ನೂ, ಇಲ್ಲಿ ರೂಢಿಯಲ್ಲಿರುವ ಜನರ ಹೆಸರುಗಳನ್ನೂ, ಯಾರು ಯಾರು ಹೇಗೆ ಹೇಗೆ ಬರೆಯುತ್ತಾರೆಂಬುದರೊಡನೆ ನಾನು ಕೂಡಿಸುತ್ತ ಬಂದಿದ್ದೇನೆ: ದೇವಲ ಗಾಣಗಾಪುರದ ಐದು ಬರೆಹಗಳು, ಘತ್ತರಗಿಯ ನಾಲ್ಕು, ಶರಣಬಸಪ್ಪನ ಹನ್ನೊಂದು, ಭಾಗಮ್ಮನ ಆರು. ಮುಂದಿನ ದೀಪಾವಳಿಗೆ ಊರಿಗೆ ಬಂದಾಗ ನಿಮ್ಮ ಲ್ಯಾಪ್‌ಟಾಪನ್ನು ತೆಗೆದುಕೊಂಡು ಒಂದು ಹೊತ್ತು ನನ್ನ ಮನೆಗೆ ಬನ್ನಿರಿ. ನಾನು ಒಂದೊಂದಾಗಿ ಓದಿ ಹೇಳುತ್ತೇನೆ, ನೀವು ಹೊಡೆದು ನೋಡಿರಿ, ಸಿಗದೆ ಹೋದದ್ದಕ್ಕೆ ಕೆಂಪು ಪೆನ್ನಿನಿಂದ ಗುರುತು ಹಾಕೋಣ.

ಇತಿ ನಿಮ್ಮ ಶ್ರೇಯಸ್ಸನ್ನು ಬಯಸುವ,
ಗಣಿತದ ಮಾಸ್ತರ,
ಅಫಜಲಪುರ